ಈಜಿಪ್ಟಿನ ದಾರಿ, ಮೈಸೂರಿನ ಕುದುರೆ

೧

ಬೆಂಗಳೂರಿನ ಉತ್ತರ ಭಾಗದಲ್ಲಿ ಜಯಚಾಮರಾಜೇಂದ್ರನಗರಕ್ಕೂ ರವೀಂದ್ರನಾಥ ಟಾಗೋರ್ ನಗರಕ್ಕೂ ನಡುವೆ ಮುನಿರೆಡ್ಡಿಪಾಳ್ಯವೆಂಬ ಬಡಾವಣೆಯುಂಟು. ಅದರ ಮಗ್ಗುಲಲ್ಲಿ ಒಂದು ಚಿಕ್ಕ ಉದ್ಯಾನ. ಅದರಲ್ಲಿ ಒಂದು ಶಿಲಾಸ್ತಂಭ. ಮೈಸೂರು ಸಂಸ್ಥಾನದ ‘ಲ್ಯಾನ್ಸರ್ಸ್’ ಎಂಬ ಭರ್ಜಿಯ ರಾವುತರ ದಳಕ್ಕೆ ಸೇರಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈಜಿಪ್ಟ್ ಪ್ಯಾಲೆಸ್ಟೈನ್ ಮೊದಲಾದ ದೇಶಗಳಲ್ಲಿ ಮಡಿದವರ ಸ್ಮಾರಕವದು. ಅರಸು ಮನೆತನದವರು, ಮುಸಲ್ಮಾನರು, ಮರಾಠರು ಒಂದೇ ಸಾಲಿನಲ್ಲಿ ಕುದುರೆ ನಡೆಸಿದ ದಳವದು.

ಕಾಳಗದಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸುವುದು ಕನ್ನಡನಾಡಿನ ಪುರಾತನ ಪದ್ಧತಿ. ಈ ಸ್ತಂಭಕ್ಕೆ ಬಹು ದೂರವಲ್ಲದ ಹೆಬ್ಬಾಳದಲ್ಲಿ ೨೦೧೮ನೆಯ ಇಸವಿಯಲ್ಲಿ ಒಂದು ವೀರಗಲ್ಲು ದೊರೆಯಿತು. ಅದು ಗಂಗರ ಶ್ರೀಪುರುಷನ ಕಾಲದ್ದು, ಎಂದರೆ ಎಂಟನೆಯ ಶತಮಾನದ್ದು. ರಟ್ಟವಾಡಿಯವರ ದಂಡು ಪೆರ್ಬೊಳಲ್ನಾಡಿನ ಮೇಲೆ ಬಿದ್ದಾಗ ಕಿತ್ತಯ್ಯನೆಂಬ ವೀರನು ಕಾದಿ ಸತ್ತನೆಂದು ಅದು ತಿಳಿಸುತ್ತದೆ. ಕಿತ್ತಯ್ಯನು ಏತಕ್ಕೆ ಸತ್ತನೆಂದು ಯಾರೂ ಕೇಳಬೇಕಾಗಿಲ್ಲ. ವೈರಿಯು ನಾಡಿಗೆ ಬಂದಿದ್ದನು, ನಾಡು ಅವನದಾಗಿತ್ತು, ಅವನು ಅಡ್ಡ ನಿಂತನು. ಮುನಿರೆಡ್ಡಿಪಾಳ್ಯದ ಕಲ್ಲಿನ ಸಂಗತಿ ಅಷ್ಟು ಸರಳವಲ್ಲ. ಸಮುದ್ರದ ಒಂದು ಗೇಣು ತೀರವೂ ಇಲ್ಲದ ಸಂಸ್ಥಾನದ ರಾವುತನು ಸಹಸ್ರಾರು ಮೈಲಿ ದೂರದ ಒಂದು ಬಂದರನ್ನು ಹಿಡಿಯಲು ಹೋಗಿ ಪ್ರಾಣ ಕೊಟ್ಟದ್ದೇಕೆ? ತುರ್ಕಿಯವರು ಮೈಸೂರಿಗೆ ಮಾಡಿದ್ದ ಅಪಕಾರವಾದರೂ ಏನು?

ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಹೋದನೆಂದು ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು. ಆ ಉತ್ತರವು ಸುಳ್ಳಲ್ಲ, ಆದರೆ ಸಾಲದು. ಆ ಸಾಮ್ರಾಜ್ಯಕ್ಕೆ ಅಲ್ಲಿ ಬೇಕಾಗಿದ್ದುದೇನು, ಅದಕ್ಕೆ ಮೈಸೂರಿನ ಕುದುರೆಯೇ ಏಕೆ ಹೋಗಬೇಕಾಯಿತು ಎಂಬೆರಡು ಪ್ರಶ್ನೆಗಳು ಉಳಿದೇ ಇರುತ್ತವೆ. ಇವುಗಳ ಉತ್ತರ ದೊರೆಯಬೇಕಾದರೆ ೧೯೧೪ಕ್ಕಿಂತ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು. ಹಾಗೆ ಹೋದರೆ ವಿಚಿತ್ರವಾದೊಂದು ಸಂಬಂಧ ಕಣ್ಣಿಗೆ ಬೀಳುತ್ತದೆ: ಮೈಸೂರು ಸ್ವಾತಂತ್ರ್ಯವನ್ನು ಕಳೆದುಕೊಂಡ ಕಥೆಯಲ್ಲಿಯೂ ಈಜಿಪ್ಟ್ ಉಂಟು, ಮೈಸೂರಿನ ರಾವುತರು ಹೊರದೇಶದಲ್ಲಿ ಕೀರ್ತಿ ಪಡೆದ ಕಥೆಯಲ್ಲಿಯೂ ಈಜಿಪ್ಟ್ ಉಂಟು.

೨

೧೭೯೧ನೆಯ ಇಸವಿಯ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಕೋಲಾರ ಹೊಸಕೋಟೆಗಳ ದಾರಿಯಾಗಿ ಬಂದು ಬೆಂಗಳೂರಿನ ಪೇಟೆಯನ್ನೂ, ಅದೇ ತಿಂಗಳ ೨೧ರ ರಾತ್ರಿ ಕೋಟೆಯನ್ನೂ ಹಿಡಿದನು. ಕಿಲ್ಲೇದಾರ ಬಹದ್ದೂರ್ ಖಾನನು ಕೋಟೆಯ ಒಡಕಿನಲ್ಲಿಯೇ ಹೋರಾಡಿ ಸತ್ತನು. ಒಂದು ವಾರದೊಳಗೆ ಇಂಗ್ಲಿಷ್ ದಂಡು ಉತ್ತರಕ್ಕೆ ತಿರುಗಿ, ಇಂದು ಹೆಬ್ಬಾಳ ಯಲಹಂಕಗಳ ಹೆದ್ದಾರಿ ಹಾಯುವ ಸೀಮೆಯ ಕಡೆಯಿಂದ ದೇವನಹಳ್ಳಿ ಚಿಕ್ಕಬಳ್ಳಾಪುರಗಳಿಗೆ ನಡೆದು, ನಿಜಾಮನ ಕುದುರೆದಂಡನ್ನು ಕೂಡಿಕೊಂಡಿತು. ಈ ಕಾರ್ನ್‌ವಾಲಿಸನು ಹತ್ತು ವರ್ಷಗಳ ಕೆಳಗೆ, ೧೭೮೧ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನಿಗೂ ಫ್ರೆಂಚರಿಗೂ ಶರಣಾದವನು. ಪಶ್ಚಿಮದಲ್ಲಿ ಕಳೆದುಹೋದ ಸಾಮ್ರಾಜ್ಯವನ್ನು ಪೂರ್ವದಲ್ಲಿ ಕಟ್ಟಿಕೊಳ್ಳಬೇಕೆಂಬ ಬಯಕೆಯೂ, ಅಲ್ಲಿ ತಮ್ಮನ್ನು ಕೆಡಿಸಿದ ಫ್ರೆಂಚರು ಇಲ್ಲಿಯೂ ಕೆಡಿಸಿಯಾರೆಂಬ ಅಂಜಿಕೆಯೂ ಆ ಕಾಲದ ಇಂಗ್ಲಿಷ್ ರಾಜಕಾರಣಿಗಳ ಮನಸ್ಸಿನಲ್ಲಿ ಒಟ್ಟಿಗೆ ವಾಸಮಾಡುತ್ತಿದ್ದುವು.

ಆ ಯುದ್ಧಕ್ಕೆ ಹತ್ತಿರದ ಕಾರಣವು ಟಿಪ್ಪು ಸುಲ್ತಾನನು ೧೭೮೯ರ ಕೊನೆಯಲ್ಲಿ ತಿರುವಾಂಕೂರಿನ ಗಡಿಯ ಮೇಲೆ ಬಿದ್ದುದು. ಆದರೆ ಯುದ್ಧದ ಗುರಿಯನ್ನು ತಿಳಿಯಬೇಕಾದರೆ ಆರಂಭಕ್ಕಿಂತ ಕೊನೆಯನ್ನು ನೋಡುವುದು ಲೇಸು. ೧೭೯೨ರ ಶ್ರೀರಂಗಪಟ್ಟಣದ ಕೌಲಿನಲ್ಲಿ ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯೂ ಹೋದುವು. ಕುಂಪಣಿಯು ತನ್ನ ಪಾಲಿಗೆ ಆರಿಸಿಕೊಂಡುದು ಮಲಬಾರು, ಬಾರಾಮಹಲು, ದಿಂಡಿಗಲ್ಲು ಸೀಮೆಗಳನ್ನು. ಮೆಣಸಿನ ಕರಾವಳಿ ಮತ್ತು ಘಟ್ಟದ ಬಾಗಿಲುಗಳು ಹೀಗೆ ಕೈಸೇರಿದುವು. ೧೭೯೯ರಲ್ಲಿ ಉಳಿದ ಕರಾವಳಿಯಾದ ಕನ್ನಡ ಜಿಲ್ಲೆಯೂ ಮಂಗಳೂರಿನೊಡನೆ ಅವರ ವಶವಾಯಿತು. ಎರಡು ಒಪ್ಪಂದಗಳನ್ನೂ ಒಟ್ಟಿಗೆ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಮೈಸೂರಿಗೆ ಸಮುದ್ರವಿರಬಾರದು, ಹಡಗಿನಲ್ಲಿ ಬರಬಹುದಾದ ಮಿತ್ರನು ಇಳಿಯುವುದಕ್ಕೆ ಅದಕ್ಕೆ ಸ್ಥಳವಿರಬಾರದು.

ಇಲ್ಲಿ ಈಜಿಪ್ಟ್ ಕಥೆಯೊಳಕ್ಕೆ ಬರುತ್ತದೆ. ೧೭೯೮ರ ಜುಲೈಯಲ್ಲಿ ನೆಪೋಲಿಯನ್ ಬೋನಪಾರ್ಟನು ದಂಡಿನೊಡನೆ ಈಜಿಪ್ಟಿಗೆ ಇಳಿದನು. ಕೈರೋ ನಗರದಿಂದ ಅವನು ಟಿಪ್ಪುವಿಗೆ ೧೭೯೯ರ ಜನವರಿಯಲ್ಲಿ ಬರೆದ ಕಾಗದವು ನಡುದಾರಿಯಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತು. ಅದಕ್ಕೆ ಮುಂಚೆ ಮಾರಿಷಸ್ಸಿನ ಫ್ರೆಂಚ್ ಗೌರ್ನರನು ಸುಲ್ತಾನನ ನೆರವಿಗೆ ಜನ ಬೇಕೆಂದು ಬಹಿರಂಗವಾಗಿ ಸಾರಿದ್ದನು. ಅದರ ಫಲವಾಗಿ ಮಂಗಳೂರಿನಲ್ಲಿ ಬಂದಿಳಿದವರು ನೂರು ಮಂದಿಯೂ ಪೂರ್ತಿಯಾಗಲಿಲ್ಲ. ಆಗಷ್ಟೆ ಗೌರ್ನರ್ ಜನರಲ್ಲಾಗಿ ಬಂದಿದ್ದ ವೆಲ್ಲೆಸ್ಲಿಗೆ ಈ ಸಾರಣೆಯು ಸಾಕಾದಷ್ಟು ಕಾರಣವಾಯಿತು.

ಈ ಭಯವು ನಿಜವೋ ನೆಪವೋ ಎಂಬುದು ವಿಚಾರಾರ್ಹವಾದ ಸಂಗತಿ. ೧೭೯೮ರ ಆಗಸ್ಟ್ ೧ರಂದು ನೆಲ್ಸನ್ನನು ನೈಲ್ ನದಿಯ ಮುಖದಲ್ಲಿ ಫ್ರೆಂಚ್ ಹಡಗುಪಡೆಯನ್ನು ನಾಶಮಾಡಿದನು. ಆ ಸುದ್ದಿ ವರ್ಷ ಮುಗಿಯುವ ಮುನ್ನವೇ ಕಲ್ಕತ್ತೆಗೆ ಮುಟ್ಟಿತು. ಹೈದರಾಬಾದಿನಲ್ಲಿ ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ಪಟಾಲಮು ಅಕ್ಟೋಬರಿನಲ್ಲಿಯೇ ಚದುರಿಸಲ್ಪಟ್ಟಿತು. ಹಡಗಿಲ್ಲದ ಬೋನಪಾರ್ಟನು ಮಂಗಳೂರಿಗೆ ಬರುವ ಸಂಭವವು ಬಹಳ ಕಡಮೆಯಾಗಿತ್ತು. ಆದರೂ ಮುಂದಿನ ಫೆಬ್ರವರಿಯಲ್ಲಿ ಯುದ್ಧ ಸಾರಲ್ಪಟ್ಟಿತು. ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಹತನಾದನು. ಭಯವು ಸುಳ್ಳೆನ್ನುವಂತಿಲ್ಲ, ಏಕೆಂದರೆ ಫ್ರೆಂಚ್ ದಂಡು ೧೮೦೧ರವರೆಗೂ ಈಜಿಪ್ಟಿನಲ್ಲಿ ಇದ್ದೇ ಇತ್ತು. ಆದರೆ ಭಯದ ಕಾರಣ ಕುಗ್ಗಿದಾಗ ಯುದ್ಧದ ಸಂಕಲ್ಪ ಕುಗ್ಗಲಿಲ್ಲವೆಂಬುದನ್ನು ಮರೆಯಲಾಗದು.

ಲಾಭವೊಂದೇ ಕಾರಣವೆಂದು ಹೇಳುವುದೂ ಸರಿಯಾಗದು. ಲಂಡನ್ನಿನ ಕುಂಪಣಿ ಡೈರೆಕ್ಟರುಗಳಿಗೆ ವೆಲ್ಲೆಸ್ಲಿಯ ಯುದ್ಧಗಳು ರುಚಿಸಲಿಲ್ಲ. ಅವುಗಳಿಂದ ಕುಂಪಣಿಯ ಸಾಲ ಬೆಳೆಯಿತು. ಭರತಖಂಡದಲ್ಲಿ ರಾಜ್ಯವಿಸ್ತಾರಕ್ಕಾಗಿ ಯುದ್ಧ ಮಾಡಕೂಡದೆಂದು ಪಾರ್ಲಿಮೆಂಟು ೧೭೮೪ರಲ್ಲಿಯೇ ಕಾನೂನು ಮಾಡಿತ್ತು. ವರ್ತಕರು ಬೇಡವೆಂದರೂ, ಕಾನೂನು ಕೂಡದೆಂದರೂ ಯುದ್ಧ ನಡೆಯಿತು. ದೂರದ ಅಪಾಯವನ್ನು ಮೊದಲೇ ಚಿವುಟಬೇಕೆಂಬ ಒಂದು ನೀತಿಯು ಆಗಲೇ ಬೇರೂರಿದ್ದುದು ಇದಕ್ಕೆ ಕಾರಣ.

ಶ್ರೀರಂಗಪಟ್ಟಣಕ್ಕೆ ಲಗ್ಗೆಹತ್ತಿದವರ ಮುಂದಾಳಾಗಿದ್ದ ಸೇನಾನಿ ಬೇರ್ಡನೇ ೧೮೦೧ರಲ್ಲಿ ಇಂಡಿಯದಿಂದ ಸಿಪಾಯಿಗಳನ್ನು ಹಡಗೇರಿಸಿ, ಕೆಂಪು ಸಮುದ್ರವನ್ನು ಹಾದು, ಮರಳುಗಾಡನ್ನು ದಾಟಿ ಈಜಿಪ್ಟಿಗೆ ನಡೆದನು. ಈಜಿಪ್ಟಿನ ಹೆಸರಿನಲ್ಲಿ ಮೈಸೂರು ಬಿದ್ದ ಎರಡೇ ವರ್ಷಗಳಲ್ಲಿ ಇಂಡಿಯದ ದಂಡು ಈಜಿಪ್ಟನ್ನು ಉಳಿಸಲು ಹೊರಟಿತ್ತು. ಮುಂದೆ ನೂರೈವತ್ತು ವರ್ಷ ನಡೆದ ಪದ್ಧತಿಗೆ ಅದೇ ನಾಂದಿ.

೩

ಮೈಸೂರಿನ ಕುದುರೆ ಇಂಗ್ಲಿಷರ ಲೆಕ್ಕದ ಪುಸ್ತಕಕ್ಕೆ ಸೇರಿದುದೂ ಆ ಕಾಲದಲ್ಲಿಯೇ. ೧೭೯೯ರ ಒಪ್ಪಂದದಂತೆ ಮುಮ್ಮಡಿ ಕೃಷ್ಣರಾಜ ಒಡೆಯರವರ ರಾಜ್ಯವು ವರುಷಕ್ಕೆ ಏಳು ಲಕ್ಷ ವರಹ, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಪೊಗದಿ ಕೊಡಬೇಕಾಯಿತು. ಯುದ್ಧ ಬಂದಾಗ ಹೆಚ್ಚಿನ ನೆರವನ್ನೂ ನೀಡಬೇಕಾಗಿತ್ತು. ೧೮೦೩ರ ಸೆಪ್ಟೆಂಬರ್ ೨೩ರಂದು ನಡೆದ ಅಸ್ಸಾಯಿ ಕಾಳಗದಲ್ಲಿ ಮೈಸೂರಿನ ಸಿಲ್ಲೇದಾರ್ ಕುದುರೆ ಆರ್ಥರ್ ವೆಲ್ಲೆಸ್ಲಿಯ ದಂಡಿನೊಡನಿತ್ತು. ೧೮೦೭ರಲ್ಲಿ ಒಪ್ಪಂದಕ್ಕೆ ತಿದ್ದುಪಡಿಯಾಗಿ, ಸಂಸ್ಥಾನವು ನಾಲ್ಕು ಸಾವಿರ ಸಿಲ್ಲೇದಾರ್ ಕುದುರೆಯನ್ನು ಯಾವಾಗಲೂ ಸಿದ್ಧವಾಗಿಟ್ಟಿರಬೇಕೆಂದು ನಿಶ್ಚಯವಾಯಿತು. ೧೮೩೧ರಲ್ಲಿ ಆಡಳಿತವು ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಗಿ, ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರವರಿಗೆ ಹಿಂದಿರುಗಿತು. ಹಿಂದಿರುಗುವಾಗ ಪೊಗದಿಯು ಮೂವತ್ತೈದು ಲಕ್ಷಕ್ಕೆ ಏರಿತ್ತು. ಹೆಚ್ಚಿನ ಹತ್ತೂವರೆ ಲಕ್ಷದ ವಸೂಲಿ ಮಾತ್ರ ೧೮೯೬ರವರೆಗೆ ಮುಂದೂಡಲ್ಪಟ್ಟಿತು. ಗೌರ್ನರ್ ಜನರಲ್ಲರ ಅಪ್ಪಣೆಯಿಲ್ಲದೆ ಸೈನ್ಯವನ್ನು ಬೆಳೆಸಕೂಡದು, ಹೊಸ ಕೋಟೆಯನ್ನು ಕಟ್ಟಕೂಡದು ಎಂಬ ಕಟ್ಟಳೆಗಳೂ ಇದ್ದುವು.

ಸೈನ್ಯ ಬೆಳೆಸಕೂಡದೆಂದವರೇ ಕೆಲವು ವರ್ಷಗಳಲ್ಲಿ ಸೈನ್ಯ ಬೇಕೆಂದರು. ೧೮೮೫ರಲ್ಲಿ ರಷ್ಯದವರು ಆಫ್ಘಾನ್ ಗಡಿಯ ಪಂಜ್‌ದೇಹ ಎಂಬ ಸ್ಥಳವನ್ನು ಹಿಡಿದಾಗ, ವಾಯವ್ಯ ದಿಕ್ಕಿನಿಂದ ಇಂಡಿಯಕ್ಕೆ ಅಪಾಯ ಬಂದೀತೆಂಬ ಕಳವಳ ಹಬ್ಬಿತು. ಅದರ ಫಲವಾಗಿ ೧೮೮೯ರಲ್ಲಿ ‘ಇಂಪೀರಿಯಲ್ ಸರ್ವಿಸ್’ ಸೈನ್ಯಗಳ ಯೋಜನೆಯು ಹುಟ್ಟಿತು. ಸಂಸ್ಥಾನಗಳು ತಮ್ಮ ಖರ್ಚಿನಿಂದ ದಳಗಳನ್ನಿಟ್ಟು, ತಮ್ಮ ಅಧಿಕಾರಿಗಳಿಂದಲೇ ನಡೆಸುವುದು. ಇಂಗ್ಲಿಷ್ ಅಧಿಕಾರಿಗಳು ತನಿಖೆ ಮಾಡಿ ತರಬೇತು ಕೊಡುವುದು. ಸಾಮ್ರಾಜ್ಯಕ್ಕೆ ಅಗತ್ಯ ಬಿದ್ದಾಗ ಅವನ್ನು ಉಪಯೋಗಿಸುವುದು. ಮೈಸೂರಿನ ಲ್ಯಾನ್ಸರ್ಸ್ ದಳವು ಈ ಏರ್ಪಾಡಿನಂತೆ ೧೮೯೨ರಲ್ಲಿ ರಚಿತವಾಯಿತು. ರಷ್ಯದ ಭಯದಿಂದ ಹುಟ್ಟಿದ ದಳವು ಕಡೆಗೆ ರಷ್ಯವು ಇಂಗ್ಲೆಂಡಿನ ಮಿತ್ರನಾಗಿದ್ದ ಯುದ್ಧದಲ್ಲಿ ತುರ್ಕಿಯ ಮೇಲೆ ಹೋಯಿತು! ಶತ್ರುಗಳು ಬದಲಾಗುತ್ತಿದ್ದರು, ಕಾಯಬೇಕಾದ ದಾರಿ ಮಾತ್ರ ಬದಲಾಗಲಿಲ್ಲ.

ಆ ದಾರಿಯು ಈ ನಡುವೆ ಹೊಸ ರೂಪವನ್ನು ತಾಳಿತ್ತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆದು, ಆಫ್ರಿಕಾ ಖಂಡವನ್ನು ಸುತ್ತಿಬರುತ್ತಿದ್ದ ಹಡಗುಗಳಿಗೆ ನಾಲ್ಕು ಸಾವಿರ ಮೈಲಿಗೂ ಮಿಕ್ಕ ಪ್ರಯಾಣ ಉಳಿಯಿತು. ೧೮೭೫ರಲ್ಲಿ ಡಿಸ್ರೇಲಿಯು ಸುಮಾರು ನಲವತ್ತು ಲಕ್ಷ ಪೌಂಡು ಕೊಟ್ಟು ಈಜಿಪ್ಟಿನ ಖೆದೀವನ ಪಾಲುಪತ್ರಗಳನ್ನು ಕೊಂಡನು. ೧೮೮೨ರಲ್ಲಿ ಇಂಗ್ಲಿಷರು ಈಜಿಪ್ಟನ್ನೇ ವಶಮಾಡಿಕೊಂಡರು. ಆ ಕಾಳಗಕ್ಕೆ ಬೆಂಗಳೂರಿನ ಹಲಸೂರಿನಲ್ಲಿ ನೆಲೆಸಿದ್ದ ಮದರಾಸ್ ಸ್ಯಾಪರ್ಸ್ ದಳದವರೂ ಹೋಗಿದ್ದರು.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಹೇಳಿದ ಮಂಡಲ ಸಿದ್ಧಾಂತದಂತೆ ಎಲ್ಲೆಗೆ ಎಲ್ಲೆ ಹೊಂದಿದ ರಾಜನು ಶತ್ರು, ಅವನ ಆಚೆಯವನು ಮಿತ್ರ. ನೆಲದ ರಾಜ್ಯಕ್ಕೆ ಈ ಲೆಕ್ಕವು ಎಲ್ಲಿಯೋ ಒಂದು ಕಡೆ ಮುಗಿಯುತ್ತದೆ. ಆದರೆ ಸಮುದ್ರದ ದಾರಿಯನ್ನೇ ಎಲ್ಲೆಯಾಗಿ ಮಾಡಿಕೊಂಡ ರಾಜ್ಯಕ್ಕೆ ನೆರೆಯವರ ಕೊನೆಯೇ ಇಲ್ಲ. ಇಂಡಿಯವನ್ನು ಉಳಿಸಿಕೊಳ್ಳಲು ಕಾಲುವೆ ಬೇಕು. ಕಾಲುವೆಗಾಗಿ ಈಜಿಪ್ಟ್ ಬೇಕು. ಈಜಿಪ್ಟಿಗಾಗಿ ಸೈನಾಯಿ ಮರಳುಗಾಡು ಬೇಕು. ಅದನ್ನು ಕಾಯಲು ಪ್ಯಾಲೆಸ್ಟೈನ್ ಬೇಕು. ಒಂದೊಂದು ಬಾಗಿಲಿಗೂ ಹೊರಗೆ ಇನ್ನೊಂದು ಬಾಗಿಲು.

೪

೧೯೧೪ರ ಆಗಸ್ಟಿನಲ್ಲಿ ಯುದ್ಧ ಪ್ರಾರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರವರು ಐವತ್ತು ಲಕ್ಷ ರೂಪಾಯಿಗಳನ್ನು ಇಂಡಿಯಾ ಸರ್ಕಾರಕ್ಕೆ ಕೊಟ್ಟರು. ವರ್ಷದ ಪೊಗದಿಗೆ ಇದು ಹೆಚ್ಚಿನದು. ಭರ್ಜಿಯ ರಾವುತರೂ ಹೊರಟರು. ಹೈದರಾಬಾದ್ ಪಟಿಯಾಲಗಳ ದಳಗಳೊಡನೆ ಅವರು ಒಂದು ಬ್ರಿಗೇಡಿನಲ್ಲಿ ಸೇರಿ ಈಜಿಪ್ಟಿಗೆ ಮುಟ್ಟಿದರು, ಬಿ. ಚಾಮರಾಜ ಅರಸಿನವರು ದಳದ ಹಿರಿಯ ಅಧಿಕಾರಿಗಳಲ್ಲೊಬ್ಬರು. ೧೯೧೫ರ ಫೆಬ್ರವರಿಯಲ್ಲಿ ತುರ್ಕಿ ದಂಡು ಮರಳುಗಾಡನ್ನು ದಾಟಿ ಕಾಲುವೆಯ ಮೇಲೆ ಬಿದ್ದು ಹಿಮ್ಮೆಟ್ಟಿತು. ತರುವಾಯ ಎರಡು ವರ್ಷಕ್ಕೂ ಮೇಲ್ಪಟ್ಟು ರಾವುತರ ಕೆಲಸವೆಂದರೆ ಬಿಸಿಲಿನಲ್ಲಿ ಕಾಲುವೆಯ ಆಸುಪಾಸನ್ನು ಕಾಯುವುದು, ದೂಳಿನಲ್ಲಿ ಹೆಜ್ಜೆಯ ಗುರುತು ಹುಡುಕುವುದು, ಕುದುರೆಗೆ ನೀರು ಒದಗಿಸುವುದು. ೧೯೧೭ರ ಕೊನೆಯಲ್ಲಿ ಗಾಜಾ ಬಿದ್ದ ಮೇಲೆ ದಂಡು ಪ್ಯಾಲೆಸ್ಟೈನಿನ ಒಳನಾಡಿಗೆ ಸಾಗಿತು.

೧೯೧೮ರ ಸೆಪ್ಟೆಂಬರ್ ೧೯ರಂದು ಸೇನಾಧಿಪತಿ ಅಲೆನ್‌ಬಿಯು ತುರ್ಕಿಯ ಸಾಲನ್ನು ಮುರಿದನು. ಕುದುರೆದಳಗಳು ಆ ಬಿರುಕಿನಲ್ಲಿ ಒಳನುಗ್ಗಿದುವು. ೨೨ರಂದು ಕವಚದ ಮೋಟಾರುಗಳು ಹೈಫಾ ಪಟ್ಟಣವನ್ನು ಹೊಗಲು ಹೋಗಿ ಗುಂಡಿನೇಟಿಗೆ ಹಿಂದಿರುಗಿದುವು. ಮರುದಿನ ಆ ಕೆಲಸ ಮೈಸೂರು ಜೋಧಪುರಗಳ ರಾವುತರ ಪಾಲಿಗೆ ಬಂದಿತು. ಹೈದರಾಬಾದಿನವರು ಸೆರೆಯಾಳುಗಳ ಕಾವಲಿಗೆ ಹೋಗಿದ್ದರು. ಹೈಫಾದ ನಿಲುವು ಆಕ್ರಮಿಸುವವನಿಗೆ ಬಲು ತೊಡಕಿನದು: ಎಡಕ್ಕೆ ಕಡಿದಾದ ಕಾರ್ಮೆಲ್ ಬೆಟ್ಟ, ಅದರ ಮೇಲೆ ಫಿರಂಗಿಗಳು, ಬಲಕ್ಕೆ ಕಿಶೋನ್ ಹೊಳೆ, ಅದರ ಕೆಸರು, ನಡುವೆ ಇಕ್ಕಟ್ಟಾದ ದಾರಿ, ಅದಕ್ಕೆ ಗುರಿಯಿಟ್ಟ ಯಂತ್ರದ ಬಂದೂಕುಗಳು. ಮೈಸೂರಿನ ಒಂದು ತುಕಡಿ ಕುದುರೆಗಳನ್ನು ನಡೆಸಿಕೊಂಡು ಬೆಟ್ಟದ ಕಡಿದಾದ ದಾರಿಯನ್ನು ಹತ್ತಿತು. ಬಹಳ ಕುದುರೆಗಳು ದಾರಿಯಲ್ಲಿಯೇ ಸೋತುವು. ತುದಿಗೆ ಮುಟ್ಟಿದ ಕೆಲವೇ ಮಂದಿ ಮತ್ತೆ ಕುದುರೆಯೇರಿ ಫಿರಂಗಿಗಳ ಮೇಲೆ ಬಿದ್ದರು. ಅದೇ ಹೊತ್ತಿಗೆ ಇಂಗ್ಲಿಷ್ ರಾವುತರ ಒಂದು ತುಕಡಿಯೂ ಅವರ ನೆರವಿಗೆ ಒದಗಿತು. ಕೆಳಗೆ ಜೋಧಪುರದವರು ಹೊಳೆಯ ಕೆಸರಿನಿಂದ ತಿರುಗಿ ನೇರವಾಗಿ ಪಟ್ಟಣಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗನು ಆ ನುಗ್ಗಾಟದಲ್ಲಿ ಮಡಿದನು. ಸಂಜೆಯೊಳಗೆ ಹೈಫಾ ವಶವಾಯಿತು. ಸೆರೆಸಿಕ್ಕ ಜರ್ಮನ್ ಮತ್ತು ತುರ್ಕಿ ಯೋಧರು ಸುಮಾರು ೧,೩೫೦, ಫಿರಂಗಿಗಳು ೧೭. ಆಕ್ರಮಿಸಿದವರಲ್ಲಿ ಸತ್ತವರು ೮ ಮಂದಿ, ಗಾಯಗೊಂಡವರು ೩೪. ಕುದುರೆಗಳು ೬೦ ಸತ್ತುವು, ೮೩ ಗಾಯಗೊಂಡುವು. ಯಂತ್ರದ ಬಂದೂಕಿನ ಕಾಲದಲ್ಲಿ ಭರ್ಜಿ ಹಿಡಿದು ಇಷ್ಟು ಅಲ್ಪ ನಷ್ಟದಿಂದ ಒಂದು ಬಂದರನ್ನು ಹಿಡಿದ ಉದಾಹರಣೆ ಅತಿ ವಿರಳ. ಅಸ್ಸಾಯಿ ಕಾಳಗಕ್ಕೆ ಅಂದಿಗೆ ಸರಿಯಾಗಿ ನೂರ ಹದಿನೈದು ವರ್ಷ.

ಎಲ್ಲ ದಿನವೂ ಹಾಗಿರಲಿಲ್ಲ. ಒಂದು ತಿಂಗಳ ಮೇಲೆ, ಅಕ್ಟೋಬರ್ ೨೬ರಂದು, ಅಲೆಪ್ಪೋ ಆಚೆಯ ಹಾರಿತಾನ್ ಎಂಬಲ್ಲಿ ಇವೇ ಎರಡು ದಳಗಳು ತಮಗಿಂತ ಬಹುಪಾಲು ಹೆಚ್ಚಿದ್ದ ತುರ್ಕಿ ದಂಡನ್ನು ಎದುರಿಸಿ ಸುಮಾರು ಎಂಬತ್ತು ಮಂದಿಯನ್ನು ಕಳೆದುಕೊಂಡುವು. ನಾಲ್ಕು ದಿನಗಳ ತರುವಾಯ ತುರ್ಕಿಯೊಡನೆ ಯುದ್ಧವಿರಾಮಕ್ಕೆ ಸಹಿಯಾಯಿತು.

೫

ಹೈಫಾ ಏಕೆ ಬೇಕಾಗಿತ್ತು? ಸೇನಾಧಿಪತಿಗೆ ಬೇಕಾಗಿದ್ದುದು ದಮಾಸ್ಕಸ್ಸಿನ ಕಡೆಗೆ ನಡೆಯುವ ದಂಡಿಗೆ ಆಹಾರ ಇಳಿಸಲು ಒಂದು ಬಂದರು. ಲಂಡನ್ನಿನ ಮಂತ್ರಿಗಳಿಗೆ ಬೇಕಾಗಿದ್ದುದು ಅದಕ್ಕೂ ಹೆಚ್ಚಿನದು. ೧೯೦೫ರಿಂದಲೇ ಹೈಫಾದಿಂದ ಒಳನಾಡಿನ ದೆರಾಕ್ಕೆ ರೈಲು ಇತ್ತು. ೧೯೧೫ರಲ್ಲಿ ಡಿ ಬುನ್ಸೆನ್ ಸಮಿತಿಯು ಮೆಸೊಪೊಟೇಮಿಯದಿಂದ ಮೆಡಿಟರೇನಿಯನ್ ಸಮುದ್ರಕ್ಕೆ ಇಂಗ್ಲಿಷರದೇ ಆದ ದಾರಿ ಇರಬೇಕೆಂದೂ ಅದರ ಬಾಗಿಲು ಹೈಫಾ ಆಗಬೇಕೆಂದೂ ಸಲಹೆ ಮಾಡಿತು. ೧೯೧೬ರಲ್ಲಿ ಫ್ರೆಂಚರೊಡನೆ ಗುಟ್ಟಾಗಿ ಮಾಡಿಕೊಂಡ ಸೈಕ್ಸ್–ಪೀಕೋ ಒಪ್ಪಂದದಲ್ಲಿ ಹೈಫಾ, ಆಕ್ರೆ ಎರಡೂ ಇಂಗ್ಲೆಂಡಿಗೆಂದು ಬರೆದುಕೊಂಡಾಗಿತ್ತು. ಎಂದರೆ ರಾವುತರು ಕಾರ್ಮೆಲ್ ಬೆಟ್ಟವನ್ನು ಹತ್ತುವ ಎರಡು ವರ್ಷ ಮುಂಚೆಯೇ ಆ ಪಟ್ಟಣವು ಕಾಗದದ ಮೇಲೆ ಹಂಚಿಹೋಗಿತ್ತು. ಮುಂದೆ ೧೯೩೩ರಲ್ಲಿ ಅಲ್ಲಿ ದೊಡ್ಡ ಬಂದರು ತೆರೆಯಿತು. ೧೯೩೫ರಲ್ಲಿ ಇರಾಕಿನ ಕಿರ್ಕೂಕಿನ ಎಣ್ಣೆಯು ಕೊಳವೆಗಳಲ್ಲಿ ಹರಿದು ಅಲ್ಲಿ ಹಡಗೇರತೊಡಗಿತು. ಸಮುದ್ರತೀರವನ್ನೆಲ್ಲ ಕಳೆದುಕೊಂಡ ಸಂಸ್ಥಾನದ ಮಕ್ಕಳು, ಅದನ್ನು ಕಳೆದವರಿಗಾಗಿ ಪರದೇಶದಲ್ಲೊಂದು ಬಂದರನ್ನು ಗಳಿಸಿಕೊಟ್ಟರು.

ಮೈಸೂರಿಗೆ ಬಂದುದೇನು? ಕೀರ್ತಿ ಬಂದಿತು. ಡಿಲ್ಲಿಯಲ್ಲಿ ಹೈದರಾಬಾದ್, ಜೋಧಪುರ, ಮೈಸೂರು ದಳಗಳ ನೆನಪಿಗೆ ಮೂರು ಕಂಚಿನ ಮೂರ್ತಿಗಳು ನಿಂತುವು. ಆ ಚೌಕಕ್ಕೆ ೨೦೧೮ರಲ್ಲಿ ಹೈಫಾ ಎಂಬ ಹೆಸರೂ ಸೇರಿತು. ಆದರೆ ಮೂವತ್ತೈದು ಲಕ್ಷದ ಪೊಗದಿಯು ಯುದ್ಧ ಗೆದ್ದೊಡನೆ ಇಳಿಯಲಿಲ್ಲ. ೧೯೨೮ರವರೆಗೆ ಕಾದ ಮೇಲೆ ಅದು ಹಳೆಯ ಇಪ್ಪತ್ತನಾಲ್ಕೂವರೆ ಲಕ್ಷಕ್ಕೆ ಬಂದಿತು. ಎಂದರೆ ೧೭೯೯ರ ಮೊತ್ತಕ್ಕೆ! ಆ ಯುದ್ಧದಲ್ಲಿ ಇಂಡಿಯದಿಂದ ಸಮುದ್ರ ದಾಟಿದವರು ಹತ್ತು ಲಕ್ಷಕ್ಕೂ ಮಿಕ್ಕವರು. ಅವರು ಕಾದ ದಾರಿಯು ಇಂಡಿಯವನ್ನು ಇಂಗ್ಲೆಂಡಿಗೆ ಕಟ್ಟಿದ್ದ ಹಗ್ಗವೇ ಆಗಿತ್ತು.

ಎರಡನೆಯ ಮಹಾಯುದ್ಧದಲ್ಲಿಯೂ ಅದೇ ದಾರಿ, ಅದೇ ಕಾವಲು. ೧೯೪೦ರ ಡಿಸೆಂಬರಿನಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಸೋತ ಇಟಲಿಯ ಸೈನಿಕರು ಸಾವಿರಗಟ್ಟಲೆಯಾಗಿ ಸೆರೆಸಿಕ್ಕರು. ಅಂಥವರಲ್ಲಿ ಅನೇಕರನ್ನು ಬೆಂಗಳೂರಿಗೆ ತಂದು, ಯಶವಂತಪುರದ ಆಚೆಯ ಜಾಲಹಳ್ಳಿಯ ಕಡೆಯ ಶಿಬಿರಗಳಲ್ಲಿ ಇಟ್ಟಿದ್ದರು. ಮುಂಚೆ ಇಲ್ಲಿಯವರು ಆ ದಾರಿಗಾಗಿ ಅಲ್ಲಿಗೆ ಹೋಗಿದ್ದರು. ಈ ಸಲ ಅದೇ ದಾರಿಗಾಗಿ ಅಲ್ಲಿ ಸೋತವರು ಇಲ್ಲಿಗೆ ಬಂದರು.

ದೊಡ್ಡ ರಾಜ್ಯಗಳ ದೂರದ ಯುದ್ಧಗಳಿಗೆ ಭಯ, ಲಾಭ ಎಂಬೆರಡು ಕಾರಣಗಳನ್ನು ಚರಿತ್ರಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಮೈಸೂರಿನ ಕಥೆಯು ಅಭ್ಯಾಸವೆಂಬ ಮೂರನೆಯದೊಂದನ್ನೂ ತೋರಿಸುತ್ತದೆ. ೧೯೪೭ರಲ್ಲಿ ಇಂಡಿಯ ಸ್ವತಂತ್ರವಾಯಿತು. ಕಾಯಬೇಕಾದ ಇಂಡಿಯವೇ ಕೈಯಲ್ಲಿರಲಿಲ್ಲ. ಆದರೂ ೧೯೫೬ರಲ್ಲಿ ಈಜಿಪ್ಟ್ ಸರ್ಕಾರವು ಕಾಲುವೆಯನ್ನು ರಾಷ್ಟ್ರದ ಸ್ವತ್ತೆಂದು ಸಾರಿದಾಗ ಇಂಗ್ಲೆಂಡು ಫ್ರಾನ್ಸಿನೊಡನೆ, ಇಸ್ರೇಲಿನೊಡನೆ ಕೂಡಿಕೊಂಡು ಅದರ ಮೇಲೆ ದಂಡೆತ್ತಿತು. ಅಮೆರಿಕ ರಷ್ಯಗಳೆರಡೂ ಕಣ್ಣು ಕೆಂಪಗೆ ಮಾಡಿದ ಮೇಲೆ ಹಿಂದೆಗೆಯಿತು. ಕಾಲುವೆಯಲ್ಲಿ ಎಣ್ಣೆಯ ಹಡಗುಗಳು ಓಡುತ್ತಿದ್ದುದು ನಿಜ. ಆದರೆ ಎಣ್ಣೆಯ ವ್ಯಾಪಾರಕ್ಕೆ ಕಾಲುವೆಯ ಒಡೆತನ ಬೇಕಾಗಿರಲಿಲ್ಲವೆಂಬುದನ್ನು ಮುಂದಿನ ವರ್ಷಗಳು ತೋರಿಸಿದುವು. ಊರು ಕೈಬಿಟ್ಟರೂ ಊರಬಾಗಿಲನ್ನು ಕಾಯುವ ಚಟ ಬಿಟ್ಟಿರಲಿಲ್ಲ.

ಇಷ್ಟನ್ನು ತಿಳಿದ ಮಾತ್ರಕ್ಕೆ ಮುನಿರೆಡ್ಡಿಪಾಳ್ಯದ ಕಲ್ಲಿಗೆ ಸಲ್ಲುವ ಗೌರವವು ಕಡಮೆಯಾಗಬೇಕಾಗಿಲ್ಲ. ಆ ರಾವುತರು ಡಿ ಬುನ್ಸೆನ್ನನ ಹೆಸರನ್ನಾಗಲಿ ಸೈಕ್ಸ್–ಪೀಕೋ ಒಪ್ಪಂದವನ್ನಾಗಲಿ ಅರಿತವರಲ್ಲ. ಒಡೆಯನ ಉಪ್ಪು, ದಳದ ಮಾನ, ಪಕ್ಕದ ಕುದುರೆಯ ಸಂಗಡಿಗ, ಇವೇ ಅವರಿಗೆ ಗೊತ್ತಿದ್ದ ಕಾರಣಗಳು. ಆ ಕಾರಣಗಳಿಗೆ ಅವರು ಕೊರತೆ ತರಲಿಲ್ಲ. ಕ್ರಿ.ಶ. ೧೯೫೩ರಲ್ಲಿ ಮೈಸೂರಿನ ದಳವು ಇತರ ಸಂಸ್ಥಾನಗಳ ರಾವುತರೊಡನೆ ಭಾರತ ಸೈನ್ಯದ ೬೧ನೆಯ ಕ್ಯಾವಲ್ರಿಯಲ್ಲಿ ಲೀನವಾಯಿತು. ಸೆಪ್ಟೆಂಬರ್ ೨೩ನ್ನು ಆ ದಳವು ಹೈಫಾ ದಿನವೆಂದು ಆಚರಿಸುತ್ತದೆ. ಅವರ ಶೌರ್ಯಕ್ಕೆ ಕೈಮುಗಿಯುವುದು ಒಂದು ಕರ್ತವ್ಯ. ಆ ಶೌರ್ಯವನ್ನು ಯಾರು ಯಾವ ಕೆಲಸಕ್ಕೆ ತೊಡಗಿಸಿದರೆಂದು ವಿಚಾರಿಸುವುದು ಅದಕ್ಕೆ ವಿರೋಧವಲ್ಲದ ಇನ್ನೊಂದು ಕರ್ತವ್ಯ. ಹೆಬ್ಬಾಳದ ಕಿತ್ತಯ್ಯನ ಕಲ್ಲನ್ನು ನೋಡುವವರಿಗೆ ಮೊದಲನೆಯದು ಸಾಕು. ಈ ಕಲ್ಲನ್ನು ನೋಡುವವರಿಗೆ ಎರಡೂ ಬೇಕು.